ಬೋರ್ ಕೊರೆಸೋ ಧೈರ್ಯ, ಅಂಗಡಿ ಇಡೋ ಅಳುಕು

(ಮಾತಾಡುವವರು ಇಬ್ಬರು. ಒಬ್ಬರು ಹೊಳಲ್ಕೆರೆ ಕಡೆಯ ಪದವಿ ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುವವರು. ಇನ್ನೊಬ್ಬರು ಹಿರಿಯೂರು, ಹೊಸದುರ್ಗ, ಚಿತ್ರದುರ್ಗದ ಶಾಖೆಗಳಲ್ಲಿ ಸಾಲದ ಅರ್ಜಿ ನೋಡಿ ನೋಡಿ ನಿವೃತ್ತರಾದ ಬ್ಯಾಂಕ್ ಮ್ಯಾನೇಜರ್.)

ಉಪನ್ಯಾಸಕಿ: ಸರ್, ಉದ್ಯಮಶೀಲತೆ ಪೇಪರ್‌ನ ಕೊನೇ ಪಾಠ ಮುಗಿದ ಮೇಲೆ ಮಕ್ಕಳಿಗೆ ಒಂದು ಪ್ರಶ್ನಾವಳಿ ಕೊಟ್ಟೆ. ‘ಮುಂದಿನ ಐದು ವರ್ಷದಲ್ಲಿ ಸ್ವಂತ ಉದ್ಯಮ ಶುರು ಮಾಡಬೇಕೆಂಬ ಗಟ್ಟಿ ಮನಸ್ಸು ನನಗಿದೆ’ ಅಂತ ಒಂದು ವಾಕ್ಯ. ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದ ತನಕ ಐದು ಮನೆ. ಹೆಚ್ಚುಕಡಿಮೆ ಇಡೀ ಕ್ಲಾಸು ಮೊದಲನೇ ಮನೆಗೇ ಟಿಕ್ ಹಾಕಿದೆ.

ಮ್ಯಾನೇಜರ್: ಇಂಟರ್ನಲ್ ಮಾರ್ಕ್ಸ್ ಯಾರ ಕೈಲಿದೆ ಮೇಡಂ?

ಉಪನ್ಯಾಸಕಿ: ನನ್ನ ಕೈಲೇ.

ಮ್ಯಾನೇಜರ್: ಮತ್ತೆ! ನನ್ನ ಕೌಂಟರಿಗೆ ಬಂದವರೂ ಹಾಗೇ ಇದ್ರು. ಎಲ್ಲರಿಗೂ ಗಟ್ಟಿ ಮನಸ್ಸು. ಪ್ರಾಜೆಕ್ಟ್ ರಿಪೋರ್ಟ್ ತೆಗೆದು ನೋಡಿದ್ರೆ ಒಂದೇ ಅಂಗಡೀಲಿ ಮಾಡಿಸಿದ್ದು, ಹೆಸರು ಮಾತ್ರ ಬೇರೆ. ಹಸು ಸಾಕ್ತೀನಿ ಅಂತ ಬಂದವನ ರಿಪೋರ್ಟಿನ ಮೂರನೇ ಪುಟದಲ್ಲಿ ‘ಬೇಕರಿ ಓವನ್’ ಅಂತ ಉಳಿದುಬಿಟ್ಟಿತ್ತು. ಮೊದಲ ಪ್ರಶ್ನೆ ಏನು ಗೊತ್ತಾ? ‘ಸಬ್ಸಿಡಿ ಎಷ್ಟು ಸಾರ್?’

ಉಪನ್ಯಾಸಕಿ: ಅದಕ್ಕೇ ಹೇಳ್ತಿರೋದು. ಟಿಕ್ ನೋಡಿ ಖುಷಿ ಪಡೋ ಕಾಲ ನನಗೂ ಹೋಯ್ತು. ಆದ್ರೆ ಇಡೀ ಪ್ರಪಂಚ ಈ ಟಿಕ್ಕಿನ ಮೇಲೇ ಸಂಶೋಧನೆ ಮಾಡ್ತಿದೆ. ಐಸೆಕ್ ಆಜ್ಜೆನ್ ಅಂತ ಮನೋವಿಜ್ಞಾನಿ, 1991ರಲ್ಲಿ ಬರೆದ ಲೇಖನ ಇವತ್ತಿಗೂ ಎಲ್ಲರಿಗೂ ಬುನಾದಿ. ಮನುಷ್ಯ ಒಂದು ಕೆಲಸಕ್ಕೆ ಮನಸ್ಸು ಮಾಡೋಕೆ ಮೂರು ಬೇಕು ಅಂತಾನೆ. ಆ ಕೆಲಸ ಒಳ್ಳೇದು ಅಂತ ತನಗೆ ಅನ್ನಿಸಬೇಕು. ತನ್ನವರು ಅನ್ನಿಸಿಕೊಂಡವರು ಒಪ್ಪಬೇಕು. ಇದು ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ ಬರಬೇಕು.

ಮ್ಯಾನೇಜರ್: ನಿಮ್ಮ ಪಾಠ ಈ ಮೂರರಲ್ಲಿ ಯಾವುದನ್ನ ಮುಟ್ಟುತ್ತೆ?

ಉಪನ್ಯಾಸಕಿ: ಮೊದಲನೇದನ್ನ ಮುಟ್ಟುತ್ತೆ, ಚೆನ್ನಾಗೇ ಮುಟ್ಟುತ್ತೆ. ಅಂಬಾನಿ ಕಥೆ, ಇನ್ಫೊಸಿಸ್ ಕಥೆ, ಉಡುಪಿ ಹೋಟೆಲಿನವರ ಕಥೆ ಹೇಳಿದ್ರೆ ಹುಡುಗರ ಕಣ್ಣು ಹೊಳೆಯುತ್ತೆ. ಮೂರನೇದಕ್ಕೆ ಉದ್ಯಮಿ ಅಂದ್ರೆ ಯಾರು ಅಂತ ಶುಂಪೀಟರ್, ಡ್ರಕರ್ ಅಂಥ ಪಂಡಿತರ ವ್ಯಾಖ್ಯಾನ ಬರೆಸ್ತೀವಿ. ಎರಡನೇದು ಪಠ್ಯದಲ್ಲೇ ಇಲ್ಲ.

ಮ್ಯಾನೇಜರ್: ನಮ್ಮ ಸೀಮೇಲಿ ಎಲ್ಲ ನಿಂತಿರೋದೇ ಆ ಎರಡನೇದರ ಮೇಲೆ. ಒಂದು ವಿಷಯ ಹೇಳ್ತೀನಿ. ಈ ಜಿಲ್ಲೆ ಜನಕ್ಕೆ ಅಪಾಯ ಅಂದ್ರೆ ಭಯ ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬಲ್ಲ. ಹೊಸದುರ್ಗದ ಕಡೆ, ಹಿರಿಯೂರಿನ ಕಡೆ ರೈತ ಬೋರ್ ಕೊರೆಸೋದು ನೋಡಿದೀರಲ್ಲ. ತೆಂಗಿನಕಾಯಿ ಅಂಗೈಲಿ ಇಟ್ಕೊಂಡು ಒಬ್ಬ ಪಾಯಿಂಟ್ ತೋರಿಸ್ತಾನೆ. ಕಾಯಿ ಎದ್ದು ನಿಂತಲ್ಲಿ ಗಾಡಿ ನಿಲ್ಲುತ್ತೆ. ಏಳೆಂಟು ನೂರು ಅಡಿ ಹೋಗಿ ಬರೀ ಧೂಳು ಬಂದ್ರೆ ಹತ್ತು ಮಾರು ಆಚೆ ಇನ್ನೊಂದು. ಒಡವೆ ಅಡ ಇಟ್ಟು ಮೂರನೇದು. ಯಾವ ಪ್ರಾಜೆಕ್ಟ್ ರಿಪೋರ್ಟೂ ಇಲ್ಲ, ಮಾರ್ಕೆಟ್ ಸರ್ವೇನೂ ಇಲ್ಲ. ಅದೇ ಅಪ್ಪನ ಹತ್ರ ಮಗ ಎರಡು ಲಕ್ಷ ಕೇಳಲಿ, ‘ಮೊಬೈಲ್ ರಿಪೇರಿ ಅಂಗಡಿ ಇಡ್ತೀನಿ’ ಅಂತ. ‘ನಮ್ಮ ವಂಶದಲ್ಲಿ ಯಾರು ಮಾಡಿದ್ರು ಅದನ್ನ?’ ಅಂತಾರೆ.

ಉಪನ್ಯಾಸಕಿ: ಭೂಮಿ ನಮ್ಮದು, ನೀರು ಬಂದ್ರೆ ಉಳಿಯುತ್ತೆ ಅನ್ನೋ ಲೆಕ್ಕ ಇರಬಹುದಲ್ಲ?

ಮ್ಯಾನೇಜರ್: ಸ್ವಲ್ಪ ಅದೂ ಇದೆ. ಆದ್ರೆ ಮುಖ್ಯ ಬೇರೆ. ಬೋರ್ ಫೇಲಾದ್ರೆ ಊರು ‘ಅಯ್ಯೋ ಪಾಪ’ ಅನ್ನುತ್ತೆ. ಅಂಗಡಿ ಮುಚ್ಚಿದ್ರೆ ‘ಹೇಳಿದ್ವಲ್ಲ’ ಅನ್ನುತ್ತೆ. ದುಡ್ಡು ಎರಡರಲ್ಲೂ ಹೋಯ್ತು, ಬೋರಿನಲ್ಲಿ ಹೆಚ್ಚೇ ಹೋಯ್ತು. ಒಂದು ಸೋಲಿಗೆ ಮಾಫಿ ಇದೆ, ಇನ್ನೊಂದಕ್ಕಿಲ್ಲ. ನಿಮ್ಮ ಆಜ್ಜೆನ್ ಹೇಳೋ ‘ತನ್ನವರು’ ಅಂದ್ರೆ ಇದೇ ಅಲ್ವಾ?

ಉಪನ್ಯಾಸಕಿ: ಇದೇ. ಆದ್ರೆ ಪ್ರಶ್ನಾವಳೀಲಿ ‘ನಿಮ್ಮ ಮನೆಯವರು ಒಪ್ಪುತ್ತಾರಾ’ ಅಂತ ಒಂದು ಸಾಲು ಕೇಳಿ ಮುಗಿಸ್ತೀವಿ. ಯಾವ ಸೋಲನ್ನ ಒಪ್ತಾರೆ ಅಂತ ಕೇಳಲ್ಲ.

ಮ್ಯಾನೇಜರ್: ಪಾಠ ಕೇಳಿದವರು ಉದ್ಯಮ ಮಾಡ್ತಾರೆ ಅಂತ ಸಾಬೀತಾಗಿದೆಯಾ, ಅದು ಹೇಳಿ. ಆಗದೇ ಇದ್ರೆ ಯಾಕೆ ಈ ಪೇಪರ್?

ಉಪನ್ಯಾಸಕಿ: ನೀವು ಖುಷಿ ಪಡೋ ಸುದ್ದಿ ಇದೆ. 2014ರಲ್ಲಿ ಸಂಶೋಧಕರು ಆವರೆಗಿನ 73 ಅಧ್ಯಯನ, 37 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟಿಗೆ ಇಟ್ಟು ತೂಗಿದ್ರು. ಪಾಠಕ್ಕೂ ಮನಸ್ಸಿಗೂ ನಂಟು ಇದೆ, ಆದ್ರೆ ತೀರಾ ಸಣ್ಣದು. ಪಾಠಕ್ಕೆ ಮೊದಲೇ ಮನಸ್ಸಿದ್ದವರನ್ನ ಲೆಕ್ಕಕ್ಕೆ ಹಿಡಿದ್ರೆ ಆ ನಂಟೂ ನಿಲ್ಲಲಿಲ್ಲ. ಇನ್ನೂ ಒಂದಿದೆ, ನೆದರ್‌ಲೆಂಡ್ಸಿನದು. ಒಂದೇ ಕಾಲೇಜಿನ ಎರಡು ಕ್ಯಾಂಪಸ್. ಬ್ರೆಡಾ ಊರಿನ ಮಕ್ಕಳಿಗೆ ಒಂದು ವರ್ಷ ಪುಟ್ಟ ಕಂಪನಿ ನಡೆಸೋದು ಕಡ್ಡಾಯ, ಇನ್ನೊಂದು ಊರಲ್ಲಿ ಇಲ್ಲ. 2010ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಕಂಪನಿ ನಡೆಸಿದ ಮಕ್ಕಳಲ್ಲೇ ಉದ್ಯಮ ಮಾಡೋ ಆಸೆ ಕಡಿಮೆ ಆಗಿತ್ತು.

ಮ್ಯಾನೇಜರ್: ಭೇಷ್! ಅಲ್ಲಿಗೆ ಕೇಸ್ ಕ್ಲೋಸ್.

ಉಪನ್ಯಾಸಕಿ: ಅಷ್ಟು ಸುಲಭಕ್ಕೆ ಕ್ಲೋಸ್ ಮಾಡಬೇಡಿ. ಅದೇ ವರ್ಷ ಮ್ಯೂನಿಕ್ಕಿನ ವಿಶ್ವವಿದ್ಯಾಲಯದವರೂ ಕಡ್ಡಾಯ ಕೋರ್ಸಿನ ಮಕ್ಕಳನ್ನ ನೋಡಿದ್ರು. ಅಲ್ಲೂ ಒಟ್ಟಾರೆ ಆಸೆ ಸ್ವಲ್ಪ ಇಳಿದಿತ್ತು. ಆದ್ರೆ ‘ಮಾಡ್ತೀನೋ ಬಿಡ್ತೀನೋ’ ಅಂತ ತೂಗಾಡ್ತಿದ್ದ ಮಕ್ಕಳು ಕೋರ್ಸ್ ಮುಗಿಯೋ ಹೊತ್ತಿಗೆ ಆ ಕಡೆಗೋ ಈ ಕಡೆಗೋ ವಾಲಿದ್ರು. ನನಗೆ ಇದು ಸೋಲು ಅನ್ನಿಸಲ್ಲ. ನನ್ನ ಕ್ಲಾಸಲ್ಲೇ ನಡೀತು ನೋಡಿ. ನಾಲ್ಕು ಹುಡುಗಿಯರು ಶೇಂಗಾ ಚಟ್ನಿಪುಡಿ ಮಾಡಿ ಮಾರ್ತೀವಿ ಅಂದ್ರು. ಲೆಕ್ಕ ಬರೆದು ತಂದ್ರು. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಪೊಟ್ಟಣ, ಲೇಬಲ್ಲು, ಬಸ್ ಚಾರ್ಜು. ನೂರು ಗ್ರಾಂ ಪೊಟ್ಟಣ ಮೂವತ್ತು ರೂಪಾಯಿಗೆ ಮಾರಿದ್ರೆ ಹನ್ನೊಂದು ರೂಪಾಯಿ ಲಾಭ. ಕುಣಿದಾಡಿಬಿಟ್ರು. ‘ಹುರಿಯೋರು, ಸಿಪ್ಪೆ ತೆಗೆಯೋರು, ಕುಟ್ಟೋರು ಯಾರು?’ ಅಂದೆ. ‘ಅಮ್ಮ ಮಾಡ್ತಾರೆ ಮೇಡಂ.’ ‘ಅಮ್ಮನ ಕೂಲಿ ಎಲ್ಲಿ?’ ಕ್ಲಾಸು ಗಪ್‌ಚುಪ್. ಒಬ್ಬಳಂತೂ ‘ಅಮ್ಮಂಗೆ ಯಾರಾದ್ರೂ ಕೂಲಿ ಕೊಡ್ತಾರಾ ಮೇಡಂ’ ಅಂತ ನನ್ನನ್ನೇ ಕೇಳಿದ್ಲು.

ಮ್ಯಾನೇಜರ್: ಕೂಲಿ ಹಾಕಿದ ಮೇಲೆ?

ಉಪನ್ಯಾಸಕಿ: ಗಾರ್ಮೆಂಟ್ಸಿನ ದಿನಗೂಲಿ ಲೆಕ್ಕದಲ್ಲಿ ಹಾಕಿ ನೋಡಿದ್ವಿ. ಲಾಭ ಕರಗಿ ಪೊಟ್ಟಣಕ್ಕೆ ಮೂರು ರೂಪಾಯಿ ಕೈಯಿಂದಲೇ ಹೋಗೋ ಹಾಗಾಯ್ತು. ಮೂವರು ಬಿಟ್ರು. ನಾಲ್ಕನೆಯವಳು ಬಿಡ್ಲಿಲ್ಲ. ಸಣ್ಣ ಹುರಿಯೋ ಯಂತ್ರ ಹಾಕಿ ಮಾಡಿದ್ರೆ ಹೇಗೆ ಅಂತ ಇವತ್ತಿಗೂ ಕೇಳ್ತಾಳೆ. ಈಗ ಹೇಳಿ, ಮೂವರ ‘ಆಸೆ ಇಳೀತು’ ಅಂತ ನನ್ನ ಪಾಠ ಫೇಲಾ?

ಮ್ಯಾನೇಜರ್: ಆ ಮೂವರಿಗೆ ನೀವು ಉಳಿಸಿಕೊಟ್ಟ ದುಡ್ಡು ಯಾವ ಅಧ್ಯಯನದಲ್ಲೂ ಬರಲ್ಲ. ನಮ್ಮ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲದ, ಪಟ್ಟಿಯಲ್ಲಿ ಅವರ ಹೆಸರು ಇಲ್ಲದೇ ಇರೋದೇ ದಾಖಲೆ! ಆ ನಾಲ್ಕನೆಯವಳಿಗೆ ದಾರಿ ಇದೆ ನೋಡಿ. ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂದಾಗ ಒಂದೊಂದು ಜಿಲ್ಲೆಗೆ ಒಂದೊಂದು ಉತ್ಪನ್ನ ಗುರುತು ಮಾಡಿದ್ರಲ್ಲ, ನಮ್ಮ ಜಿಲ್ಲೆಗೆ ಬಂದಿದ್ದು ಶೇಂಗಾನೇ. ಕೇಂದ್ರದ ಶೇ 35ಕ್ಕೆ ರಾಜ್ಯ ಶೇ 15 ಸೇರಿಸಿ, ಅರ್ಧದಷ್ಟು ಸಹಾಯಧನ, 15 ಲಕ್ಷದ ಮಿತಿಯಲ್ಲಿ ಅಂತ ಕೊಟ್ರು.

ಉಪನ್ಯಾಸಕಿ: ಆ ಮಗುವಿಗೆ ಇದು ಗೊತ್ತಿರಲಿಲ್ಲ. ಪರೀಕ್ಷೆಗೆ ಬರಲ್ಲ ಅಂತ ಯಾವ ನೋಟ್ಸಿನಲ್ಲೂ ಇಲ್ಲ. ಪಠ್ಯಕ್ರಮದ ಗತಿ ಕೇಳಲೇಬೇಡಿ ಸರ್. ಮೊದಲು ಕುವೆಂಪು ವಿಶ್ವವಿದ್ಯಾಲಯ, 2009ರಿಂದ ದಾವಣಗೆರೆ ವಿಶ್ವವಿದ್ಯಾಲಯ. 2021ರಲ್ಲಿ ಹೊಸ ಶಿಕ್ಷಣ ನೀತಿ ಎನ್‌ಇಪಿ ಬಂತು, 2024ರಲ್ಲಿ ರಾಜ್ಯ ಅದನ್ನ ಕೈಬಿಟ್ಟಿತು. ಪೇಪರಿನ ಹೆಸರು ಬದಲಾಗ್ತಾ ಹೋಯ್ತು, ಒಳಗಿನ ‘ಉದ್ಯಮಿಯ ಗುಣಲಕ್ಷಣಗಳು’ ಹಾಗೇ ಉಳೀತು. ಹತ್ತು ಅಂಕ, ಹತ್ತು ಪಾಯಿಂಟು.

ಮ್ಯಾನೇಜರ್: ಗುಣಲಕ್ಷಣ ಬೇಕಾದ್ರೆ ತೋಟದ ಫಸಲು ಖೇಣಿ ಹಿಡಿಯೋನನ್ನ ಕರೆಸಿ ನಿಲ್ಲಿಸಿ ಮೇಡಂ.

ಉಪನ್ಯಾಸಕಿ: ಅಯ್ಯೋ, ಆ ಮಾತಿಗೇ ಬರ್ತಿದ್ದೆ. ಕ್ಲಾಸಲ್ಲಿ ‘ನಿಮ್ಮ ಮನೇಲಿ ಉದ್ಯಮಿಗಳು ಯಾರಾದ್ರೂ ಇದ್ದಾರಾ’ ಅಂದ್ರೆ ಒಂದು ಕೈಯೂ ಮೇಲೇಳಲಿಲ್ಲ. ಆಮೇಲೆ ವಿಚಾರಿಸಿದ್ರೆ ಹಿಂದಿನ ಬೆಂಚಿನ ಹುಡುಗನ ಅಣ್ಣ ಅಡಿಕೆ ಖೇಣಿ ಹಿಡೀತಾನೆ. ‘ಮತ್ತೆ ಕೈ ಎತ್ತಲಿಲ್ಲ ಯಾಕೋ’ ಅಂದ್ರೆ, ‘ಅದು ಉದ್ಯಮ ಅಲ್ಲ ಮೇಡಂ, ಖೇಣಿ’ ಅಂದ.

ಮ್ಯಾನೇಜರ್: (ನಗುತ್ತಾ) ನಾನು ನೋಡಿದ ವ್ಯವಹಾರಗಳಲ್ಲಿ ಅಷ್ಟು ಸೂಕ್ಷ್ಮದ್ದು ಇನ್ನೊಂದಿಲ್ಲ. ಕಾಯಿ ಇನ್ನೂ ಮರದ ಮೇಲಿರುವಾಗಲೇ ತೋಟದ ಒಳಗೆ ಒಂದು ಸುತ್ತು ಬರ್ತಾನೆ, ಕತ್ತೆತ್ತಿ ಗೊನೆ ನೋಡ್ತಾನೆ, ಫಸಲು ಇಷ್ಟು ಅಂತ ಮನಸ್ಸಲ್ಲೇ ಕಟ್ತಾನೆ. ರೈತನಿಗೆ ಮುಂಗಡ ಕೊಡ್ತಾನೆ. ಕೊಯ್ಯೋರು, ಸುಲಿಯೋ ಯಂತ್ರ, ಬೇಯಿಸೋ ಒಲೆ, ಒಣಗಿಸೋ ಕಣ ಎಲ್ಲ ಅವನದೇ ಜವಾಬ್ದಾರಿ. ಕ್ವಿಂಟಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ರೆ ಹನ್ನೆರಡು ಹದಿಮೂರು ಕೆಜಿ ರಾಶಿ ಅಡಿಕೆ ಸಿಗುತ್ತೆ. ಆ ಹನ್ನೆರಡಕ್ಕೂ ಹದಿಮೂರಕ್ಕೂ ನಡುವೆ ಅವನ ಇಡೀ ವರ್ಷದ ಬದುಕು. ಬೇಯಿಸಿ ಹರಡಿದ ದಿನವೇ ಮೋಡ ಕವಿದು ನಾಲ್ಕು ದಿನ ಬಿಸಿಲು ಬರದಿದ್ರೆ ಬೂಷ್ಟು ಹಿಡಿಯುತ್ತೆ. ಆಮೇಲೆ ಭೀಮಸಮುದ್ರಕ್ಕೆ ಒಯ್ದ್ರೆ ಅವತ್ತಿನ ರೇಟು. ಇಟ್ಟುಕೊಳ್ಳಬೇಕೋ ಕೊಡಬೇಕೋ? ಇಟ್ಟುಕೊಂಡ್ರೆ ಮುಂಗಡಕ್ಕೆ ತಂದ ಸಾಲದ ಬಡ್ಡಿ ಓಡ್ತಿರುತ್ತೆ. ನಿಮ್ಮ ಪುಸ್ತಕದಲ್ಲಿ ದುಡಿಯುವ ಬಂಡವಾಳ, ಬೆಲೆಯ ಅಪಾಯ, ಗುಣಮಟ್ಟ, ಕೂಲಿ ನಿರ್ವಹಣೆ ಅಂತ ಏನೇನಿದೆಯೋ ಎಲ್ಲಾ ಅಲ್ಲಿದೆ.

ಉಪನ್ಯಾಸಕಿ: ಹುಡುಗನಿಗೆ ಅದು ಪಾಠ ಅಂತ ಯಾರೂ ಹೇಳಿಲ್ಲ. ಮನೇಲಿ ಊಟಕ್ಕೆ ಕೂತಾಗ ಕೇಳಿಸ್ಕೊಂಡ ಮಾತು ವಿದ್ಯೆ ಅಂತ ಅನ್ನಿಸಲ್ಲ. ನಾವೂ ಕಾಲೇಜಿಗೆ ಬಂದ ಮೇಲೆ ಅದನ್ನ ಮರೆಸಿ ಬೆಂಗಳೂರಿನ ಸ್ಟಾರ್ಟಪ್ ತೋರಿಸ್ತೀವಿ. ಆಗ ‘ನನ್ನ ಕೈಲಾಗುತ್ತೆ’ ಅನ್ನೋ ಮೂರನೇದು ಬೆಳೆಯೋದಿರಲಿ, ಇದ್ದದ್ದೂ ಕುಗ್ಗುತ್ತೆ. ಕೋಟಿಗಟ್ಟಲೆ ಬಂಡವಾಳ ಎತ್ತಿದವರ ಪಕ್ಕದಲ್ಲಿ ಅಣ್ಣನ ಖೇಣಿ ಕಂಡೀತಾ?

ಮ್ಯಾನೇಜರ್: ನಿಮ್ಮ ಪಠ್ಯದ ಇನ್ನೊಂದು ಕೊರತೆ ಹೇಳಲಾ? ಶುರು ಮಾಡೋದು ಹೇಗೆ ಅಂತ ಅಧ್ಯಾಯ ಇದೆ. ಮುಚ್ಚೋದು ಹೇಗೆ, ಯಾಕೆ ಮುಚ್ಚುತ್ತೆ ಅಂತ ಇದೆಯಾ? ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಎರಡನೇ ಮುಂಬೈ ಅಂತ ಹೆಸರಾಗಿತ್ತು. ಆ ಗಿರಣಿಗಳು ಏನಾದ್ವು? ಅದಕ್ಕೂ ಹಿಂದಕ್ಕೆ ಹೋಗಿ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗೆ ಗಾಜು ಕಾಯಿಸೋ ಕುಲುಮೆಗಳಿದ್ವು. ಟಿಪ್ಪು ಸತ್ತ ಮೇಲೆ, 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನ ನೋಡಿ ಬರೆದಿಟ್ಟಿದ್ದಾನೆ. ಈಗ ಮತ್ತೋಡಿನ ಹುಡುಗನನ್ನ ಕೇಳಿ, ನಿಮ್ಮೂರಲ್ಲಿ ಏನಿತ್ತು ಅಂತ.

ಉಪನ್ಯಾಸಕಿ: ಕೇಳಿದ್ರೆ ಬಸ್‌ಸ್ಟ್ಯಾಂಡ್ ಅಂದಾನು! ನಿಜ ಸರ್. ಮುಚ್ಚಿದ್ದನ್ನ ಪಾಠ ಮಾಡಿದ್ರೆ ಮುಚ್ಚೋದರ ನಾಚಿಕೇನೂ ಸ್ವಲ್ಪ ಹೋದೀತು. ಅಂಗಡಿ ಮುಚ್ಚಿದವನು ಪೆದ್ದ ಅಂತಲೇ ಅಲ್ಲ, ಮಾರುಕಟ್ಟೆ ತಿರುಗಿರಬಹುದು ಅಂತ ಮಕ್ಕಳಿಗೆ ಗೊತ್ತಾಗುತ್ತೆ.

ಮ್ಯಾನೇಜರ್: ಆದ್ರೆ ನೀವು ಮೊದಲು ಹೇಳಿದ ಅಧ್ಯಯನ ನೋಡಿದ್ರೆ ತರಬೇತಿಯಿಂದ ಉಪಯೋಗವೇ ಇಲ್ಲ ಅಂತ ಆಯ್ತಲ್ಲ. ಅದನ್ನೂ ನಾನು ಒಪ್ಪಲ್ಲ. ಸ್ವಉದ್ಯೋಗ ತರಬೇತಿ ಕೊಡೋ ರುಡ್‌ಸೆಟ್ ಸಂಸ್ಥೆ ನೋಡಿ. 1982ರಲ್ಲಿ ಉಜಿರೆಯಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ್ದು. ಚಿತ್ರದುರ್ಗದಲ್ಲೂ ಇದೆ. ಅದೇ ಮಾದರಿಯಲ್ಲಿ ಕೇಂದ್ರ ಸರ್ಕಾರ ದೇಶದ ಜಿಲ್ಲೆಜಿಲ್ಲೆಯಲ್ಲಿ ಆರ್‌ಸೆಟಿ ಅನ್ನೋ ತರಬೇತಿ ಸಂಸ್ಥೆ ಮಾಡ್ತು. ರುಡ್‌ಸೆಟ್ಟಿಗೆ ನಾನೇ ಅತಿಥಿಯಾಗಿ ಹೋಗಿ ಒಂದೆರಡು ಗಂಟೆ ಸಾಲದ ಪಾಠ ಮಾಡಿದೀನಿ. ಊಟ ವಸತಿ ಅಲ್ಲೇ, ಬೆಳಿಗ್ಗೆ ಎದ್ದು ಶ್ರಮದಾನ, ಕೈಕೆಲಸ, ಮಧ್ಯಾಹ್ನ ಮಾರುಕಟ್ಟೆ ಸಮೀಕ್ಷೆ ಅಂತ ಪೇಟೆಗೆ ಕಳಿಸ್ತಾರೆ. ಹೊಲಿಗೆ ಕಲಿಯೋಕೆ ಬಂದವಳು ಊರಲ್ಲಿ ಎಷ್ಟು ಟೈಲರ್ ಅಂಗಡಿ, ಬ್ಲೌಸಿಗೆ ಎಷ್ಟು ತಗೊಳ್ತಾರೆ ಅಂತ ಕೇಳ್ಕೊಂಡು ಬರ್ತಾಳೆ. ಮುಖ್ಯ ಏನಂದ್ರೆ ಕೋರ್ಸ್ ಮುಗಿದ ಮೇಲೆ ಎರಡು ವರ್ಷ ಫೋನ್ ಮಾಡ್ತಾರೆ, ಹುಡುಕ್ಕೊಂಡು ಹೋಗ್ತಾರೆ, ಬ್ಯಾಂಕಿಗೆ ಜೊತೇಲಿ ಬರ್ತಾರೆ. ನಿಮ್ಮ ಕಾಲೇಜು ಟಿ.ಸಿ. ಕೊಟ್ಟ ಮೇಲೆ ಯಾರಿಗಾದ್ರೂ ಫೋನ್ ಮಾಡುತ್ತಾ?

ಉಪನ್ಯಾಸಕಿ: ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ತಂಡ ಬಂದ ವರ್ಷ ಮಾಡ್ತೀವಿ.

ಮ್ಯಾನೇಜರ್: ಅಷ್ಟಾದ್ರೂ!

ಉಪನ್ಯಾಸಕಿ: ಆದ್ರೆ ರುಡ್‌ಸೆಟ್ಟಿಗೆ ಬರೋರು ಮನಸ್ಸು ಮಾಡೇ ಬಂದಿರ್ತಾರೆ. ನಮ್ಮ ಬೆಂಚಿನ ಮೇಲಿರೋರು ಬೇರೆ ಏನೂ ಸಿಗದೆ ಬಿ.ಕಾಂ. ಸೇರಿದವರೂ ಇದ್ದಾರೆ, ಪಿಎಸ್‌ಐ ಪರೀಕ್ಷೆಗೆ ಓದೋರೂ ಇದ್ದಾರೆ. ಇಬ್ಬರನ್ನೂ ಒಂದೇ ತಕ್ಕಡೀಲಿ ಇಡಬಾರದು. ಮನಸ್ಸು ಮಾಡಿದವರಿಗೆ ತರಬೇತಿ ಕೆಲಸ ಮಾಡುತ್ತೆ ಅನ್ನೋದಕ್ಕೆ ನಮ್ಮ ನೆರೆಯಲ್ಲೇ ಹಳೇ ಸಾಕ್ಷಿ ಇದೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಸ್ಥರನ್ನ ಹೈದರಾಬಾದಿಗೆ ಕರೆಸಿ ತರಬೇತಿ ಕೊಟ್ಟ. ಆಮೇಲೆ ವರ್ಷಗಟ್ಟಲೆ ನೋಡಿದ್ರೆ ಅವರು ಹೊಸ ವ್ಯವಹಾರಕ್ಕೆ ಕೈ ಹಾಕಿದ್ದು ಹೆಚ್ಚು, ಜನರನ್ನ ಕೆಲಸಕ್ಕೆ ಇಟ್ಕೊಂಡಿದ್ದೂ ಹೆಚ್ಚು. ಇತ್ತೀಚಿನದು ಆಫ್ರಿಕಾದ ಟೋಗೋ ದೇಶದ್ದು, 2017ರಲ್ಲಿ ಪ್ರಕಟ ಆಯ್ತು. ಸಾವಿರದ ಐನೂರು ಸಣ್ಣ ವ್ಯಾಪಾರಿಗಳನ್ನ ಮೂರು ಗುಂಪು ಮಾಡಿದ್ರು. ಲೆಕ್ಕಪತ್ರದ ಮಾಮೂಲಿ ಪಾಠ ಕೇಳಿದವರಿಗೆ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಮುಂದಾಗಿ ಯೋಚಿಸು, ತಾನೇ ಹೆಜ್ಜೆ ಇಡು, ಅಡ್ಡಿ ಬಂದ್ರೆ ಬಿಡಬೇಡ ಅಂತ ಅಭ್ಯಾಸ ಮಾಡಿಸಿದ ಗುಂಪಿನ ಲಾಭ ಮಾತ್ರ ಶೇ 30ರಷ್ಟು ಏರಿತ್ತು.

ಮ್ಯಾನೇಜರ್: ಅದನ್ನ ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಹೇಗೆ ಮಾಡಿಸ್ತೀರಿ?

ಉಪನ್ಯಾಸಕಿ: ಅದೇ ಕಷ್ಟ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ, ನೀವು ಗಂಡಸರು ಯಾರೂ ಕೇಳದೇ ಇರೋದು. ನನ್ನ ಕ್ಲಾಸಲ್ಲಿ ಹುಡುಗಿಯರೇ ಹೆಚ್ಚು. ಪ್ರಶ್ನಾವಳಿ ಕೊಟ್ಟೆ ಅಂದ್ನಲ್ಲ, ಕೊನೇಲಿ ಒಂದು ಖಾಲಿ ಜಾಗ ಇಟ್ಟಿದ್ದೆ: ‘ಉದ್ಯಮವನ್ನು ಯಾವ ಊರಿನಲ್ಲಿ ಆರಂಭಿಸುತ್ತೀರಿ?’ ಹುಡುಗರು ಚಿತ್ರದುರ್ಗ, ಹಿರಿಯೂರು, ಬೆಂಗಳೂರು ಅಂತ ಬರೆದ್ರು. ಒಂದು ಹುಡುಗಿ ಹಾಳೆ ಹಿಡ್ಕೊಂಡು ಟೇಬಲ್ಲಿನ ಹತ್ರ ಬಂದ್ಲು. ‘ಮೇಡಂ, ಮದುವೆ ಯಾವೂರಿಗೆ ಆಗುತ್ತೋ ಗೊತ್ತಿಲ್ಲ. ಇದಕ್ಕೆ ಏನು ಬರೀಲಿ?’

ಮ್ಯಾನೇಜರ್: ಏನು ಹೇಳಿದ್ರಿ?

ಉಪನ್ಯಾಸಕಿ: ಖಾಲಿ ಬಿಡು ಅಂದೆ. ಇನ್ನೇನು ಹೇಳಲಿ? ಹಾಳೆ ತಿರುವಿ ನೋಡಿದ್ರೆ ಅವಳೊಬ್ಬಳೇ ಅಲ್ಲ, ಹುಡುಗಿಯರಲ್ಲಿ ಎಷ್ಟೋ ಜನ ಅದನ್ನ ಖಾಲಿ ಬಿಟ್ಟಿದ್ರು. ಮೊದಲನೇ ಪುಟದಲ್ಲಿ ‘ಸಂಪೂರ್ಣ ಒಪ್ಪುತ್ತೇನೆ’, ಕೊನೇ ಪುಟದಲ್ಲಿ ಊರಿಲ್ಲ. ಯೋಜನೆಗಳೇನೋ ಉದಾರವಾಗಿವೆ. ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿಯಲ್ಲಿ ಹಳ್ಳಿಯ ಹೆಣ್ಣುಮಗಳಿಗೆ ಶೇ 35 ಸಬ್ಸಿಡಿ, ಕೈಯಿಂದ ಶೇ 5 ಹಾಕಿದ್ರೆ ಸಾಕು. ಆದ್ರೆ ಆ ಶೇ 5 ಯಾರ ಕೈಯಿಂದ? ತವರಿನವರು ‘ನಾಳೆ ಹೋಗೋಳಿಗೆ ಯಾಕೆ’ ಅಂತಾರೆ, ಗಂಡನ ಮನೆಯವರು ‘ನಿನ್ನೆ ಬಂದೋಳಿಗೆ ಯಾಕೆ’ ಅಂತಾರೆ. ಸಾಲ ಕೊಡುವಾಗ ನಿಮ್ಮವರು ಏನು ಕೇಳ್ತಾರೆ?

ಮ್ಯಾನೇಜರ್: ಪಹಣಿ ಕೇಳ್ತಾರೆ, ಅಪ್ಪಂದೋ ಗಂಡಂದೋ ಸಹಿ ಕೇಳ್ತಾರೆ.

ಉಪನ್ಯಾಸಕಿ: ಹತ್ತು ಲಕ್ಷದ ತನಕ ಸಣ್ಣ ಉದ್ದಿಮೆಗೆ ಭದ್ರತೆ ಕೇಳಬಾರದು ಅಂತ ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿದೆಯಲ್ಲ?

ಮ್ಯಾನೇಜರ್: ಹೇಳಿದೆ. ‘ಭದ್ರತೆ ಬೇಡ, ಸುಮ್ಮನೆ ಮಾಹಿತಿಗೆ ಪಹಣಿ ಇರಲಿ’ ಅಂತಾರೆ ನಮ್ಮವರು. ನಕ್ಕುಬಿಡಿ. ಮ್ಯಾನೇಜರ್‌ಗೆ ಹೊಸ ಮುಖ ಅಂದ್ರೆ ಹೆದರಿಕೆ. ಆ ಹುಡುಗಿ ಒಂದು ವರ್ಷ ಏನಾದ್ರೂ ಮಾರಿ, ದಿನಾ ಲೆಕ್ಕ ಬರೆದು, ಬಂದ ದುಡ್ಡನ್ನ ಖಾತೆಗೆ ಹಾಕಿ ತೆಗೆದು ಮಾಡಿದ್ದನ್ನ ತೋರಿಸಿದ್ರೆ ಆ ಹೆದರಿಕೆ ಅರ್ಧ ಇಳಿಯುತ್ತೆ. ನೂರು ಪುಟದ ಪ್ರಾಜೆಕ್ಟ್ ರಿಪೋರ್ಟಿಗಿಂತ ಆ ಪಾಸ್‌ಬುಕ್ಕಿನ ನಾಲ್ಕು ಪುಟ ನಾನು ನಂಬ್ತೀನಿ. ಕಾಲೇಜಿಗೆ ಮೂರು ವರ್ಷ ಟೈಮಿದೆ. ಮೊದಲ ಸೆಮಿಸ್ಟರಿನಲ್ಲೇ ಮನೇಲಿ ನಡೆಯೋ ಯಾವುದಾದ್ರೂ ವ್ಯವಹಾರದ, ಎಮ್ಮೆ ಹಾಲೋ, ದಾಳಿಂಬೆಯೋ, ಅಡಿಕೆಯೋ, ಲೆಕ್ಕ ಬರೆಸೋಕೆ ಶುರು ಮಾಡಿ. ಅಮ್ಮನ ಕೂಲಿ ಸೇರಿಸಿ. ಬೋರಿನ ಖರ್ಚೂ ಸೇರಿಸಿ. ಅಪ್ಪ ಆ ಲೆಕ್ಕ ಒಂದು ಸಲ ಓದಲಿ.

ಉಪನ್ಯಾಸಕಿ: ಅಪ್ಪ ಓದಿದ್ರೆ ಮಗನಿಗೆ ಅಂಗಡಿ ಇಡಿಸ್ತಾನಾ?

ಮ್ಯಾನೇಜರ್: ಇಡಿಸ್ತಾನೋ ಇಲ್ವೋ ನನಗೆ ಗೊತ್ತಿಲ್ಲ. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ತುಂಬಿದ್ದು, ಆಮೇಲೆ 2022ರಲ್ಲಿ ತುಂಬ್ತು, 2025ರ ಜನವರೀಲಿ ಮತ್ತೆ ಕೋಡಿ ಬಿತ್ತು. ನೀರು ಕಂಡ ಕೂಡಲೇ ಎಲ್ಲರ ತಲೇಲೂ ಅಡಿಕೆ ಗಿಡ. ಅಂಥವರ ಜೊತೆ ಲೆಕ್ಕದ ಪುಸ್ತಕ ಹಿಡ್ಕೊಂಡು ವಾದ ಮಾಡೋಕೆ ಮಕ್ಕಳಿಗೆ ಬಂದ್ರೆ ಅಷ್ಟೇ ಸಾಕು. ವಾದದಲ್ಲಿ ಅಪ್ಪನೇ ಗೆಲ್ಲಬಹುದು, ಗೆಲ್ಲಲಿ.

ಉಪನ್ಯಾಸಕಿ: ಅಧ್ಯಯನ ಮಂಡಳಿ ಮುಂದೆ ಇಡ್ತೀನಿ. ಮೊದಲ ಪ್ರಶ್ನೆ ನನಗೀಗಲೇ ಕೇಳಿಸ್ತಿದೆ: ‘ಮೇಡಂ, ಇದಕ್ಕೆ ಅಂಕ ಹಂಚೋದು ಹೇಗೆ? ಲಾಭ ಬಂದವರಿಗೆ ಹೆಚ್ಚು ಕೊಡಬೇಕಾ?’

ಮ್ಯಾನೇಜರ್: ನಷ್ಟವನ್ನ ಸರಿಯಾಗಿ ಬರೆದವರಿಗೆ ಹೆಚ್ಚು ಕೊಡಿ ಅನ್ನಿ.

ಉಪನ್ಯಾಸಕಿ: ಮಂಡಳಿ ಒಪ್ಪಲ್ಲ. ಇರಲಿ, ಅದು ಮುಂದಿನ ಮಾತು. ಈ ಸಲ ಇಂಟರ್ನಲ್ಸ್ ನನ್ನ ಕೈಲಿದೆಯಲ್ಲ, ಅದರಲ್ಲಿ ನೋಡೋಣ. ಮೊದಲು ಮಕ್ಕಳನ್ನ ಒಂದು ದಿನ ಭೀಮಸಮುದ್ರದ ಅಡಿಕೆ ಮಾರುಕಟ್ಟೆಗೆ ಕರ್ಕೊಂಡು ಹೋಗಬೇಕು. ಖೇಣಿಯವರನ್ನ ಕ್ಲಾಸಿಗೆ ಕರೆದ್ರೆ ಬರಲ್ಲ. ಸೆಮಿಸ್ಟರ್ ನಡೆಯೋದೂ ಕೊಯ್ಲು ನಡೆಯೋದೂ ಒಂದೇ ಹೊತ್ತಿಗೆ.

ಮ್ಯಾನೇಜರ್: ನಾನೂ ಬರ್ತೀನಿ. ಅಲ್ಲಿ ಮಂಡಿಯವರು ಒಂದಿಬ್ಬರು ಪರಿಚಯ ಇದ್ದಾರೆ. ರಾಶಿ, ಬೆಟ್ಟೆ ಅಂತ ಅಡಿಕೆಯ ಬಗೆಗಳನ್ನ ಕೈಗೆ ಕೊಟ್ಟು ತೋರಿಸ್ತಾರೆ.

ಉಪನ್ಯಾಸಕಿ: ಬಸ್ ಚಾರ್ಜಿಗೆ ಕಾಲೇಜಿನಲ್ಲಿ ದುಡ್ಡಿಲ್ಲ ಸರ್. ಸರ್ಕಾರಿ ಬಸ್ ಸಿಕ್ಕಿದ್ರೆ ಹುಡುಗಿಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. ಹುಡುಗರಿಗೆ ಏನು ಮಾಡೋಣ?

ಮ್ಯಾನೇಜರ್: ಹಿಂದಿನ ಬೆಂಚಿನವನ ಅಣ್ಣನನ್ನ ಕೇಳಿ. ಅಡಿಕೆ ತುಂಬಿದ ಗಾಡಿ ಹೇಗೂ ಆ ಕಡೆಗೇ ಹೋಗುತ್ತೆ.